‘ನಾಳೆ ನೋಡೋಣ’ ಅನ್ನದ ನ್ಯಾಯ: ಯಹೂದಿ ಚಿಂತನೆಯ ಬಗ್ಗೆ ಐದು ತಪ್ಪು ಕಲ್ಪನೆಗಳು

ನನ್ನನ್ನು ನಾನು ನೋಡಿಕೊಳ್ಳಬೇಕೇ, ಬೇರೆಯವರಿಗಾಗಿ ದುಡಿಯಬೇಕೇ, ಶುರು ಮಾಡುವುದು ಯಾವಾಗ? ಸುಮಾರು 2000 ವರ್ಷಗಳ ಹಿಂದೆ ಜೆರುಸಲೇಮಿನ ಯಹೂದಿ ಗುರು ಹಿಲ್ಲೆಲ್ ಈ ಮೂರನ್ನೂ ಒಟ್ಟಿಗೇ ಕೇಳಿದ್ದರು. ಉತ್ತರವನ್ನು ಮುಂದೂಡಲು ನಾವು ಹುಡುಕುವ ನೆಪಗಳಿಗೆ ಆ ಪರಂಪರೆಯಲ್ಲಿ ಜಾಗವಿಲ್ಲ.

1. ತಪ್ಪು ಕಲ್ಪನೆ: ಸಮಾಜಕ್ಕಾಗಿ ದುಡಿಯುವವರು ತಮ್ಮದೆಲ್ಲವನ್ನೂ ತ್ಯಾಗ ಮಾಡಬೇಕು.

ವಾಸ್ತವ: ಆದಾಯದ ಹತ್ತನೇ ಒಂದು ಪಾಲನ್ನು ದಾನಕ್ಕೆ ತೆಗೆದಿಡುವುದು ಯಹೂದಿಗಳ ರೂಢಿ. ಐದನೇ ಒಂದು ಪಾಲನ್ನು ಮೀರಬಾರದೆಂದು ಯಹೂದಿ ಧರ್ಮಗ್ರಂಥ ತಾಲ್ಮುದ್ ಮಿತಿಯನ್ನೂ ಹಾಕಿದೆ. ಕೊಟ್ಟವರೇ ನಾಳೆ ಕೈಚಾಚುವಂತಾಗಬಾರದು.

2. ತಪ್ಪು ಕಲ್ಪನೆ: ನಾಲ್ಕು ಕಾಸು ಕೂಡಲಿ, ಬಿಡುವು ಸಿಗಲಿ, ಆಮೇಲೆ ಮಾಡಿದರಾಯಿತು.

ವಾಸ್ತವ: ಆ ಬಿಡುವು ಸಿಗದೆಯೇ ಹೋಗಬಹುದು ಎಂದು ಹಿಲ್ಲೆಲ್ ಎಚ್ಚರಿಸಿದ್ದರು. ತಾಲ್ಮುದ್ ಕಥೆಯ ಪ್ರಕಾರ ಅವರೇ ದಿನಗೂಲಿಯಾಗಿದ್ದವರು. ಕೂಲಿಯಲ್ಲಿ ಅರ್ಧ ಪಾಠಶಾಲೆಯ ಬಾಗಿಲು ಕಾಯುವವನಿಗೆ, ಇನ್ನರ್ಧ ಮನೆಗೆ. ಚಳಿಗಾಲದ ಒಂದು ಶುಕ್ರವಾರ ಕೆಲಸ ಸಿಗಲಿಲ್ಲ. ಕಾವಲುಗಾರ ಒಳಗೆ ಬಿಡಲಿಲ್ಲ. ಹಿಲ್ಲೆಲ್ ಮಾಳಿಗೆ ಹತ್ತಿ, ಗವಾಕ್ಷಿಗೆ ಕಿವಿಗೊಟ್ಟು ಪಾಠ ಕೇಳಿದರು. ಬೆಳಗಾದರೂ ಕೋಣೆ ಕತ್ತಲಾಗಿರುವುದನ್ನು ಕಂಡು ಗುರುಗಳು ತಲೆಯೆತ್ತಿದರೆ ಗವಾಕ್ಷಿಯಲ್ಲಿ ಮನುಷ್ಯನ ಆಕಾರ! ಮೈಮೇಲೆ ಮೂರು ಮೊಳ ಹಿಮ. ಅಂದು ಕೆಲಸ ನಿಷಿದ್ಧವಾದ ಸಬ್ಬತ್ ದಿನ. ಆದರೂ ಕೆಳಗಿಳಿಸಿ, ಮೀಯಿಸಿ, ಬೆಂಕಿಯೆದುರು ಕೂರಿಸಿದರು. ಜೀವದ ಮುಂದೆ ನಿಯಮವೂ ಕಾಯುತ್ತದೆ. ಕಾಸು ಕೂಡಲಿ ಎಂಬ ನೆಪವೂ ನಡೆಯದು: ದಾನ ಪಡೆದು ಬದುಕುವವರೂ ತಮ್ಮಿಂದಾದಷ್ಟು ಕೊಡಬೇಕೆನ್ನುತ್ತದೆ ಯಹೂದಿ ಧರ್ಮಶಾಸ್ತ್ರ.

3. ತಪ್ಪು ಕಲ್ಪನೆ: ಬಡವರ ಕೈಗೆ ಕಾಸು ಹಾಕಿದರೆ ಕರ್ತವ್ಯ ಮುಗಿಯಿತು.

ವಾಸ್ತವ: 12ನೇ ಶತಮಾನದ ವಿದ್ವಾಂಸ, ವೈದ್ಯ ಮೈಮೊನಿಡೀಸ್ ದಾನದಲ್ಲಿ ಎಂಟು ಮೆಟ್ಟಿಲುಗಳನ್ನು ಗುರುತಿಸಿದರು. ಎಲ್ಲಕ್ಕಿಂತ ಮೇಲಿನದು ಸಾಲ, ಪಾಲುದಾರಿಕೆ ಅಥವಾ ಕೆಲಸ ಕೊಟ್ಟು ಇನ್ನೊಬ್ಬರನ್ನು ಸ್ವಂತ ಕಾಲಿನ ಮೇಲೆ ನಿಲ್ಲಿಸುವುದು. ಕೆಲಸ ಕೊಟ್ಟರೆ ಸಾಲದು, ದಿನಗೂಲಿಯವರ ಹಣವನ್ನು ಹೊತ್ತು ಮುಳುಗುವ ಮೊದಲೇ ಕೊಡಬೇಕೆಂಬುದು ಬೈಬಲಿನ ಧರ್ಮೋಪದೇಶಕಾಂಡದ ಆಜ್ಞೆ. ಅದು ದಯೆಯಲ್ಲ, ಋಣ.

4. ತಪ್ಪು ಕಲ್ಪನೆ: ಈ ಕಾಳಜಿ ತಮ್ಮವರಿಗಷ್ಟೇ.

ವಾಸ್ತವ: ಮನೆಯವರು, ಊರಿನವರು ಮೊದಲು ಎಂಬ ಕ್ರಮವಿದೆ, ನಿಜ. ಆದರೆ ಯಹೂದಿ ಬಡವರ ಜೊತೆಗೇ ಅನ್ಯ ಬಡವರನ್ನೂ ಪೋಷಿಸಬೇಕೆಂದು ತಾಲ್ಮುದ್ ವಿಧಿಸಿದೆ. 1965ರ ಮಾರ್ಚ್ 21ರಂದು ಅಮೆರಿಕದ ಸೆಲ್ಮಾದಲ್ಲಿ, ಕಪ್ಪು ಜನರ ಮತದಾನದ ಹಕ್ಕಿಗಾಗಿ ಮಾರ್ಟಿನ್ ಲೂಥರ್ ಕಿಂಗ್ ಅವರೊಂದಿಗೆ ಮುಂದಿನ ಸಾಲಿನಲ್ಲಿ ನಡೆದವರಲ್ಲಿ ರಬ್ಬಿ (ಯಹೂದಿ ಧರ್ಮಗುರು) ಅಬ್ರಹಾಂ ಜೋಶುವಾ ಹೆಶೆಲ್ ಒಬ್ಬರು. ನಾಜಿಗಳಿಂದಾಗಿ ತಮ್ಮ ಕುಟುಂಬದವರನ್ನೇ ಕಳೆದುಕೊಂಡಿದ್ದವರು ಅವರು.

5. ತಪ್ಪು ಕಲ್ಪನೆ: ಮುಗಿಯದ ಕೆಲಸಕ್ಕೆ ಕೈಹಾಕಿ ಏನು ಪ್ರಯೋಜನ?

ವಾಸ್ತವ: ಕೆಲಸ ಪೂರೈಸುವ ಹೊಣೆ ನಿನ್ನದಲ್ಲ, ಹಾಗೆಂದು ಕೈಬಿಡುವ ಹಕ್ಕೂ ನಿನಗಿಲ್ಲ ಎಂಬುದು ಪ್ರಾಚೀನ ಗುರು ರಬ್ಬಿ ತರ್ಫೋನ್ ಅವರ ನಿಲುವು. 1909ರ ನವೆಂಬರ್ 22ರಂದು ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ಕಾರ್ಮಿಕ ಮುಖಂಡರು ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದರು. 23ರ ಹರೆಯದ ಯಹೂದಿ ಗಾರ್ಮೆಂಟ್ ಕಾರ್ಮಿಕೆ ಕ್ಲಾರಾ ಲೆಮ್ಲಿಕ್ ಎದ್ದು, ಮಾತು ಸಾಕು, ಮುಷ್ಕರ ಈಗಲೇ ಎಂದು ಯಿಡ್ಡಿಷ್ ಭಾಷೆಯಲ್ಲಿ ಕರೆಕೊಟ್ಟರು. 20,000ಕ್ಕೂ ಹೆಚ್ಚು ಜನ ಬೀದಿಗಿಳಿದರು. ಹಲವು ಮಾಲೀಕರು ಮಣಿದರು. ಕಾರ್ಮಿಕ ಸಂಘವನ್ನು ಒಪ್ಪದ ಟ್ರಯಾಂಗಲ್ ಗಾರ್ಮೆಂಟ್ ಕಾರ್ಖಾನೆಯಲ್ಲಿ 1911ರಲ್ಲಿ ಬೆಂಕಿ ಬಿದ್ದು 146 ಮಂದಿ ಸತ್ತರು. ಹೋರಾಟ ನಿಲ್ಲಲಿಲ್ಲ, ಆಮೇಲೆ ನ್ಯೂಯಾರ್ಕ್ ರಾಜ್ಯ ಕಾರ್ಖಾನೆ ಸುರಕ್ಷತೆಯ ಕಾನೂನುಗಳನ್ನು ತಂದಿತು.

ನಮ್ಮಲ್ಲೂ ಮನೆಗೆಲಸದವರಿಗೋ ಕೂಲಿಯವರಿಗೋ ಸಂಬಳ ಬಾಕಿಯಿದ್ದರೆ, ಇವತ್ತು ಸಂಜೆಯೊಳಗೆ ಕೊಟ್ಟುಬಿಡೋಣ. ನ್ಯಾಯದ ಕೆಲಸ ಅಲ್ಲಿಂದಲೇ ಶುರುವಾಗಲಿ.