ಗಾಳಿ ಕಮ್ಮಿ, ಖರ್ಚು ಜಾಸ್ತಿ

ಮಕ್ಕಳೇ, ಸೈಕಲ್ಲಿನ ಚಕ್ರದಿಂದ ಸ್ವಲ್ಪ ಗಾಳಿ ಬಿಟ್ಟು ನಮ್ಮ ಆವತಿಯ ಏರುದಾರಿಯಲ್ಲಿ ತುಳಿದು ನೋಡಿ. ಎಷ್ಟು ಕಷ್ಟವೆಂದು ತೊಡೆಗಳೇ ಹೇಳುತ್ತವೆ. ಕಾರು, ಸ್ಕೂಟರುಗಳಿಗೂ ಅದೇ ಪಾಡು. ಅವು ಗೊಣಗುವುದಿಲ್ಲ, ಸುಮ್ಮನೆ ಹೆಚ್ಚು ಪೆಟ್ರೋಲ್ ಕುಡಿಯುತ್ತವೆ.

ಮೆತ್ತಗಾದ ಟಯರು ನೆಲ ತಾಗಿದಲ್ಲಿ ಚಪ್ಪಟೆಯಾಗುತ್ತದೆ, ನೆಲ ಬಿಟ್ಟ ಕೂಡಲೇ ಉಬ್ಬುತ್ತದೆ. ಪ್ರತಿ ಸುತ್ತಿಗೂ ಹೀಗೆ ಮಡಚಿ ಬಿಚ್ಚಿ ರಬ್ಬರು ಬಿಸಿಯಾಗುತ್ತದೆ. ಆ ಬಿಸಿ ಪುಕ್ಕಟೆಯಲ್ಲ, ಟ್ಯಾಂಕಿನ ಪೆಟ್ರೋಲಿನಿಂದಲೇ ಬಂದದ್ದು.

ನಷ್ಟ ಎಷ್ಟು? ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ, ಕಾರಿನ ನಾಲ್ಕೂ ಚಕ್ರಗಳಲ್ಲಿ ಸರಾಸರಿ 1 ಪಿಎಸ್‌ಐ (ಬಂಕಿನವರು ‘ಪಾಯಿಂಟ್’ ಎನ್ನುತ್ತಾರೆ) ಇಳಿದರೆ ಮೈಲೇಜು ಸುಮಾರು ಶೇ. 0.2 ಕುಸಿಯುತ್ತದೆ. 33 ಇರಬೇಕಾದಲ್ಲಿ 25 ಇದ್ದರೆ ಶೇ. 1.6. ತಿಂಗಳಿಗೆ 5,000 ರೂಪಾಯಿ ಪೆಟ್ರೋಲ್ ಹಾಕಿಸುವ ಮನೆಗೆ 80 ರೂಪಾಯಿ. ದೊಡ್ಡ ಮೊತ್ತವಲ್ಲ, ಒಪ್ಪಿದೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ ನನ್ನದು, ವರ್ಷದ 960 ರೂಪಾಯಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆದರೆ ನನ್ನ ನಿಜವಾದ ಚಿಂತೆ ದುಡ್ಡಿನದಲ್ಲ. ಬೇಸಿಗೆಯ ಮಧ್ಯಾಹ್ನ ದೇವನಹಳ್ಳಿ–ಚಿಕ್ಕಬಳ್ಳಾಪುರ ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ ಅದೇ ಬಿಸಿ ಏರುತ್ತಾ ಹೋಗಿ ಟಯರು ಸಿಡಿಯಬಹುದು.

ಎಷ್ಟು ಗಾಳಿ ಬೇಕೆಂಬುದು ಕಾರಿನಲ್ಲಾದರೆ ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ, ಸ್ಕೂಟರಿಗೆ ಕೈಪಿಡಿ ನೋಡಿ. ಟಯರಿನ ಮೇಲೆ ಅಚ್ಚಾಗಿರುವುದು ಗರಿಷ್ಠ ಮಿತಿ, ಅಷ್ಟು ತುಂಬಿಸಬಾರದು. ತಿಂಗಳಿಗೊಮ್ಮೆ ಬೆಳಿಗ್ಗೆ, ಟಯರು ತಣ್ಣಗಿರುವಾಗಲೇ, ಹತ್ತಿರದ ಬಂಕಿನಲ್ಲಿ ಅಳತೆ ಮಾಡಿಸಿ. ದೂರ ಓಡಿ ಬಿಸಿಯಾದರೆ ಮೀಟರು ಹೆಚ್ಚೇ ತೋರಿಸುತ್ತದೆ. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನೂ ನೋಡಿಸಿ, ಅದರ ನೆನಪು ಬರುವುದು ಪಂಚರಾದ ಮೇಲೆಯೇ.