ಕರಿ ಒಂದು ಅಳಬುರಕಲ್ಲ

ಬೈಲಹೊಂಗಲದ ನಮ್ಮ ಓಣಿಯಲ್ಲಿ ಭಜನಿ ಮುಗಿದು ಪೇಟಿ ಮುಚ್ಚುವ ಹೊತ್ತು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಫೋನಿನಲ್ಲಿ ಬೀಥೋವನ್‌ನ 'ಮೂನ್‌ಲೈಟ್' ಪಿಯಾನೊ ಹಚ್ಚಿದ. ಕೇಳಿದ್ದನ್ನು ಅಳೆದು ಹೇಳುವ ಆ್ಯಪ್ ಒಂದಿತ್ತು. ಶ್ರುತಿ ಸಿ ಶಾರ್ಪ್ ಮೈನರ್, ಭಾವ ದುಃಖ ಎಂದು ಬರೆದು ತೋರಿಸಿತು.

"ಮೈನರ್ ಅಂದ್ರ ದುಃಖನ ರೀ, ಕಾಕಾ."

ಪೇಟಿಯ ಹಿರಿಯರು ಕರಿಮನೆಯೊಂದರ ಮೇಲೆ ಬೆರಳಿಟ್ಟರು. "ಸಿ ಶಾರ್ಪ್ ಅಂದ್ರ ನಮ್ಮ ಕರಿ ಒಂದು. ಇದೇನು ಹುಟ್ಟಾ ಅಳಬುರಕ ಏನೋ ತಮ್ಮಾ?"

ಅಲ್ಲ. ಅದಕ್ಕೆ ಸಾಕ್ಷಿ ಆ ಕೃತಿಯಲ್ಲೇ ಇದೆ. 1801ರ ಈ ಸೊನಾಟಾಕ್ಕೆ ಮೂರು ಭಾಗ. ಎಲ್ಲರಿಗೂ ಗೊತ್ತಿರುವ ನಿಧಾನದ ಮೊದಲ ಭಾಗ ಸಿ ಶಾರ್ಪ್ ಮೈನರ್. ಬಿರುಗಾಳಿಯಂತೆ ನುಗ್ಗುವ ಮೂರನೆಯದೂ ಸಿ ಶಾರ್ಪ್ ಮೈನರೇ. ಶ್ರುತಿ ಅದೇ, ಸಿಟ್ಟು ಬೇರೆ. ಬೆಳದಿಂಗಳ ಹೆಸರೂ ಬೀಥೋವನ್ ಇಟ್ಟದ್ದಲ್ಲ. ಅವನು 1827ರಲ್ಲಿ ತೀರಿಕೊಂಡ ಮೇಲೆ ರೆಲ್‌ಸ್ಟಾಬ್ ಎಂಬ ವಿಮರ್ಶಕನ ಮಾತಿನಿಂದ ಅಂಟಿಕೊಂಡದ್ದು. ಹೆಸರು ಕೇಳಿಯೇ ಅರ್ಧ ಜನ ಕಣ್ಣು ಮುಚ್ಚುತ್ತಾರೆ!

ನಮ್ಮಲ್ಲೂ ಅಷ್ಟೇ. ಕಾಫಿ ರಾಗದ ಗಾಂಧಾರ, ನಿಷಾದ ಕೋಮಲ. ಆ್ಯಪಿನ ಲೆಕ್ಕದಲ್ಲಿ ಅದು ಮೈನರಿನ ಬಳಗ, ಅಂದರೆ ದುಃಖ. ಹೋಳಿಯ ಬಣ್ಣದ ಹಾಡುಗಳು ಹೆಚ್ಚಾಗಿ ಹುಟ್ಟಿದ್ದು ಅದೇ ಕಾಫಿಯಲ್ಲಿ. ಇನ್ನು ನಮ್ಮೂರಿನದೇ ಕಥೆಯ ಸಣ್ಣಾಟ 'ಸಂಗ್ಯಾ ಬಾಳ್ಯಾ'. ಅದರಲ್ಲಿ ಸರಸ, ಸಂಚು, ಕೊಲೆ ಎಲ್ಲಕ್ಕೂ ಪೇಟಿ ಒಂದೇ. ಕೊಲೆ ಬಂತೆಂದು ಪೇಟಿಯವ ಮನೆ ಬದಲಿಸುತ್ತ ಕೂರುವುದಿಲ್ಲ. ಶ್ರುತಿ ನೋಡುವುದು ಹಾಡುವವರ ಕೊರಳನ್ನು, ಕಥೆಯನ್ನಲ್ಲ.

ಸ್ವರಗಳು ಸಿಕ್ಕರೆ ರಾಗ ಸಿಕ್ಕಂತೆ ಎನ್ನುವುದು ಇನ್ನೊಂದು ಭ್ರಮೆ. ಭೂಪಾಲಿ, ದೇಶಕಾರ ಎರಡಕ್ಕೂ ಸ ರಿ ಗ ಪ ಧ ಐದೇ. ಒಂದು ಗಾಂಧಾರದ ಮೇಲೆ ನಿಂತು ರಾತ್ರಿಯಾಗುತ್ತದೆ, ಇನ್ನೊಂದು ಧೈವತ ಹಿಡಿದು ಮುಂಜಾನೆಯಾಗುತ್ತದೆ.

ಲಯದ ಲೆಕ್ಕದಲ್ಲಿ ಯಂತ್ರ ಇನ್ನೂ ಹೆಚ್ಚು ಎಡವುತ್ತದೆ. ಅತಿ ವಿಲಂಬಿತ ಏಕತಾಲದಲ್ಲಿ 12 ಮಾತ್ರೆಯ ಒಂದು ಆವರ್ತನಕ್ಕೆ ಒಂದು ನಿಮಿಷ ಹಿಡಿದರೆ ಮಾತ್ರೆಗೆ 5 ಸೆಕೆಂಡು. ತಬಲಾದವ ಆ ಸಂದಿಯನ್ನು ನಾಲ್ಕಾಗಿ ಒಡೆದು ಬೋಲು ತುಂಬುತ್ತಾನೆ. ಯಂತ್ರ ಎಣಿಸುವುದು ಬೋಲಿನ ಪೆಟ್ಟನ್ನು. ಹಾಗಾಗಿ 12ರ ಜಾಗದಲ್ಲಿ 48 ಬರುತ್ತದೆ.

ಇಷ್ಟಾದ ಮೇಲೂ ಹುಡುಗ ಬಿಡಲಿಲ್ಲ. "ಹಳೇ ರೆಕಾರ್ಡಿನ ಶ್ರುತಿನರ ಖರೇ ಹೌದಲ್ರೀ?" ಅದನ್ನಂತೂ ಕಣ್ಣು ಮುಚ್ಚಿ ನಂಬಬಾರದು. 78 ಸುತ್ತಿನ ತಟ್ಟೆ 73–74ರಲ್ಲಿ ತಿರುಗಿದರೆ ಸಾಕು, ಕರಿ ಎರಡರಲ್ಲಿ ಹಾಡಿದ್ದು ಬಿಳಿ ಎರಡರಲ್ಲಿ ಕೇಳುತ್ತದೆ. ಲಯವೂ ಜೊತೆಗೇ ಜಗ್ಗುತ್ತದೆ. ಆರಂಭದ ಕಾಲದ ತಟ್ಟೆಗಳನ್ನು ಮುದ್ರಿಸುವಾಗಲೇ ಸುತ್ತು ಒಂದೇ ಸಮ ಇರುತ್ತಿರಲಿಲ್ಲ. ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಆಸುಪಾಸು ಅಷ್ಟೇ ಜಾಗ. ಆಗಿನವರಿಗೆ ಅವಸರದ ಸ್ವಭಾವ ಎಂದುಕೊಂಡರೆ ತಪ್ಪು, ಅವಸರ ತಟ್ಟೆಯದು.

ಹಾಗೆಂದು ಎಲ್ಲ ತಪ್ಪನ್ನೂ ತಟ್ಟೆಯ ತಲೆಗೆ ಕಟ್ಟುವಂತಿಲ್ಲ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್‌ಎಂವಿಗೆ 'ಗಾಂಧಾರಿ' ಎಂಬ ಹೆಸರಿನಲ್ಲಿ ಹಾಡಿದ ತಟ್ಟೆಗಳಲ್ಲಿ ದನಿ ಎಳೆಯದು, ತೆಳ್ಳಗಿನದು. ಮುಂದಿನ ಧ್ವನಿಮುದ್ರಣ ಹಚ್ಚಿದರೆ ಗಂಡಸಿನಷ್ಟು ಗಟ್ಟಿ ಕಂಠ. ಯಾರೋ ನಿಧಾನ ತಿರುಗಿಸಿದ್ದಾರೆ ಎಂದು ಮೊದಲ ಸಲ ಕೇಳಿದಾಗ ನಾನೂ ಅಂದುಕೊಂಡಿದ್ದೆ. ಯಂತ್ರದ ದೋಷ ಏನೂ ಇಲ್ಲ. ಗಂಟಲಿನ ಟಾನ್ಸಿಲ್‌ಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ದನಿಯೇ ಕೆಳಕ್ಕೆ ಇಳಿಯಿತು. ಆ ದನಿಯಲ್ಲೇ ಅವರು ಕಿರಾಣಾ ಘರಾಣೆಯ ಗಾಯನವನ್ನು ದೇಶವೆಲ್ಲ ಕೇಳುವಂತೆ ಹಾಡಿದರು.

ಮುಂದಿನ ಹುಣ್ಣಿಮೆಗೆ ಹುಡುಗ ಅದೇ ಫೋನನ್ನು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ತಂದ. ಜೋಗತಿಯೊಬ್ಬಳು ಚೌಡಿಕೆ ಮೀಟುತ್ತಿದ್ದಳು. ಬಿಗಿದರೆ ಏರುವ, ಸಡಿಲಿಸಿದರೆ ಇಳಿಯುವ ಒಂದೇ ತಂತಿ. ಹುಡುಗ ಫೋನು ಹತ್ತಿರ ಹಿಡಿದ. ಅದು ಒಂದು ಶ್ರುತಿ ಬರೆಯಿತು, ಅಳಿಸಿತು, ಇನ್ನೊಂದು ಬರೆಯಿತು. ಸುತ್ತ 'ಉಧೋ ಉಧೋ' ಎದ್ದಿತು. ಆಕೆ ಅವನ ಕಡೆ ನೋಡಿ ನಕ್ಕು ತಂತಿಯನ್ನು ಇನ್ನಷ್ಟು ಬಿಗಿದಳು.