ರೇಡಿಯೋ ಗದ್ದಲಕ್ಕೂ ಒಂದು ವೇಳಾಪಟ್ಟಿ

ಹ್ಯಾಮ್ ರೇಡಿಯೋ ಹವ್ಯಾಸಿಗಳು ಈಚೆಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಗುಂಯ್‌ಗುಡುವ ಸದ್ದು, ಸಂಕೇತದ ಬಲ ತೋರಿಸುವ ಎಸ್-ಮೀಟರಿನ ಮುಳ್ಳು 7ರಿಂದ ಕೆಳಗಿಳಿಯುವುದೇ ಇಲ್ಲ, ಇದರ ಮೂಲ ಹುಡುಕಲು ಯಾವ ಉಪಕರಣ ಕೊಳ್ಳಬೇಕು? ತೊಂದರೆ ಸಣ್ಣದಲ್ಲ. ಎಸ್-ಮೀಟರಿನಲ್ಲಿ ಒಂದು ಅಂಕ ಏರಿದರೆ ಶಕ್ತಿ ನಾಲ್ಕು ಪಟ್ಟು ಏರಿದಂತೆ. ಗದ್ದಲ 7ರಲ್ಲಿದ್ದು, ದೂರದ ಗೆಳೆಯರ ದನಿ 5ರಲ್ಲಿ ಬರುತ್ತಿದ್ದರೆ, ಅವರು ಗದ್ದಲದ ಸಮಕ್ಕೆ ಬರಲು 16 ಪಟ್ಟು ಹೆಚ್ಚು ಶಕ್ತಿ ಹಾಕಬೇಕು. 100 ವಾಟ್ ಬಿಡುತ್ತಿದ್ದವರು 1600 ವಾಟ್ ಬಿಡಬೇಕು. ಅದು ಆಗದ ಮಾತು, ಹಾಗಾಗಿ ಗದ್ದಲವನ್ನೇ ಇಳಿಸಬೇಕು. ಆದರೆ ಅದಕ್ಕೆ ಮೊದಲು ಬೇಕಾದದ್ದು ದುಬಾರಿ ದಿಕ್ಸೂಚಕ ಆಂಟೆನಾ ಅಲ್ಲ, ಒಂದು ನೋಟ್‌ಬುಕ್ ಮತ್ತು ಸರಿಯಾದ ಗಡಿಯಾರ. ಗದ್ದಲ ಎಲ್ಲಿಂದ ಬರುತ್ತದೆ ಎನ್ನುವುದಕ್ಕಿಂತ ಮೊದಲು ಯಾವಾಗ ಬರುತ್ತದೆ ಎಂದು ಕೇಳಬೇಕು.

ಇದಕ್ಕೆ ಹ್ಯಾಮ್‌ಗಳಿಂದಲೇ ಆಕ್ಷೇಪ ಬರುತ್ತದೆ. ಅಡಗಿಸಿಟ್ಟ ಟ್ರಾನ್ಸ್‌ಮಿಟರನ್ನು ಆಂಟೆನಾ ತಿರುಗಿಸಿ ಪತ್ತೆಹಚ್ಚುವ ‘ಫಾಕ್ಸ್ ಹಂಟ್’ ಅವರಿಗೆ ಗೊತ್ತಿರುವ ಆಟ. ಅದೇ ವಿದ್ಯೆ ಇಲ್ಲಿ ಯಾಕೆ ನಡೆಯದು? ಫಾಕ್ಸ್ ಹಂಟಿನ ಟ್ರಾನ್ಸ್‌ಮಿಟರಿಗೆ ತನ್ನದೇ ಆಂಟೆನಾ ಇದೆ, ಅದು ಇರುವುದು ಒಂದೇ ಜಾಗದಲ್ಲಿ. ಗದ್ದಲ ಹೊರಡಿಸುವ ಒಂದು ಕಳಪೆ ಎಲ್‌ಇಡಿ ಬಲ್ಬಿಗೆ ಹಾಗೆ ಸ್ವಂತ ಆಂಟೆನಾ ಇಲ್ಲ. ಮನೆಯ ವೈರಿಂಗು, ಸರ್ವಿಸ್ ವೈರು, ಬೀದಿಯ ಕಂಬದಿಂದ ಕಂಬಕ್ಕೆ ಹೋದ ತಂತಿ ಇವೆಲ್ಲ ಸೇರಿ ಅದರ ಆಂಟೆನಾ ಆಗಿಬಿಡುತ್ತವೆ. 7 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಮೀಟರ್, ನಮ್ಮ ಬೀದಿಗಳ ಅಳತೆಗೆ ಹೊಂದುವಂಥದ್ದು. ತಂತಿಯ ಮೇಲೆ ಅಲೆಗಳು ಒಂದೆಡೆ ಕೂಡಿ ಇನ್ನೊಂದೆಡೆ ಕಳೆದುಕೊಂಡು, ಗದ್ದಲ ಕೆಲವೆಡೆ ಜೋರಾಗಿ ಕೆಲವೆಡೆ ಮೆತ್ತಗೆ ಕೇಳುತ್ತದೆ. ಜೋರಾಗಿ ಕೇಳಿದ ಕಂಬದ ಬುಡದಲ್ಲೇ ಮೂಲ ಇದೆ ಎಂದುಕೊಂಡರೆ ಮೋಸ ಹೋಗುತ್ತೇವೆ. ಆಂಟೆನಾ ಯಾವ ಕಡೆ ತಿರುಗಿಸಿದರೂ ಅದು ತೋರಿಸುವುದು ಹತ್ತಿರದ ತಂತಿಯನ್ನೇ.

ದಿಕ್ಕು ದಾರಿ ತಪ್ಪಿಸಿ ಕಾಲ ದಾರಿ ತೋರಿಸಿದ ದೊಡ್ಡ ಕಥೆ ಕಾರ್ಲ್ ಜಾನ್‌ಸ್ಕಿಯದು. 1930ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಈ ಯುವ ಎಂಜಿನಿಯರಿಗೆ ಒಪ್ಪಿಸಿದ್ದು ಆಕಾಶ ಶೋಧನೆಯನ್ನಲ್ಲ. ಅಟ್ಲಾಂಟಿಕ್ ದಾಟುವ ರೇಡಿಯೋ ಟೆಲಿಫೋನಿಗೆ ಅಡ್ಡಬರುವ ಕರಕರೆ ಎಲ್ಲಿಂದ ಬರುತ್ತದೆ ಎಂದು ಪತ್ತೆಮಾಡುವುದೇ ಅವರ ಕೆಲಸವಾಗಿತ್ತು. ಇಂದಿನ ಹ್ಯಾಮ್‌ನ ಪ್ರಶ್ನೆಯೂ ಅದೇ. ನ್ಯೂಜೆರ್ಸಿಯ ಹೋಮ್‌ಡೆಲ್ ಬಯಲಿನಲ್ಲಿ ಅವರು ಸುಮಾರು 30 ಮೀಟರ್ ಉದ್ದದ ಆಂಟೆನಾ ಕಟ್ಟಿ, ಫೋರ್ಡ್ ಮಾಡೆಲ್ ಟಿ ಕಾರಿನ ಚಕ್ರಗಳ ಮೇಲೆ ನಿಲ್ಲಿಸಿ, 20 ನಿಮಿಷಕ್ಕೊಂದು ಸುತ್ತು ತಿರುಗಿಸಿದರು. 20.5 ಮೆಗಾಹರ್ಟ್ಸ್‌ನಲ್ಲಿ ಸಿಕ್ಕ ಗದ್ದಲವನ್ನು ಮೂರು ಬಗೆಯಾಗಿ ವಿಂಗಡಿಸಿದರು: ಹತ್ತಿರದ ಗುಡುಗಿನದು, ದೂರದ ಗುಡುಗಿನದು, ಮೂಲ ತಿಳಿಯದ ಸಣ್ಣ ಹಿಸ್ಸೆನ್ನುವ ಸದ್ದು. ಮೂರನೆಯದರ ದಿಕ್ಕು ಹಿಡಿದಾಗ ಆಂಟೆನಾ ಸೂರ್ಯನತ್ತ ಬೆರಳು ಮಾಡಿತು. ಅಲ್ಲಿಗೇ ನಿಲ್ಲಿಸಿದ್ದರೆ ತಪ್ಪು ಉತ್ತರವೇ ಉಳಿಯುತ್ತಿತ್ತು. ಅವರು ತಿಂಗಳುಗಟ್ಟಲೆ ದಾಖಲೆ ಇಟ್ಟರು. ಸದ್ದಿನ ಏರಿಳಿತ ಮರುಕಳಿಸುವುದು 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೆ ಎಂದು ಆ ದಾಖಲೆ ಹೇಳಿತು. ಸೂರ್ಯನ ದಿನ 24 ಗಂಟೆ, ನಕ್ಷತ್ರಗಳ ದಿನ 4 ನಿಮಿಷ ಕಡಿಮೆ. ಅಶ್ವಿನಿ, ಭರಣಿ ಎಂದು ಮಳೆನಕ್ಷತ್ರ ಎಣಿಸುವ ನಮ್ಮ ರೈತರ ಲೆಕ್ಕವೂ ಈ ಅಂತರದ ಮೇಲೆಯೇ ನಿಂತಿದೆ. ಗದ್ದಲ ಬರುತ್ತಿದ್ದದ್ದು ಧನು ರಾಶಿಯ ಕಡೆಯಿಂದ, ನಮ್ಮ ಆಕಾಶಗಂಗೆಯ ನಡುವಿನಿಂದ. 1933ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ರೇಡಿಯೋ ಖಗೋಳಶಾಸ್ತ್ರ ಹುಟ್ಟಿತು. ಅದನ್ನು ಮುಂದಕ್ಕೊಯ್ದ ಗ್ರೋಟ್ ರೆಬರ್ ಸ್ವತಃ ಹ್ಯಾಮ್. 1937ರಲ್ಲಿ ಇಲಿನಾಯ್‌ನ ವೀಟನ್‌ನಲ್ಲಿ ಮನೆಯ ಪಕ್ಕ ಸುಮಾರು 9.5 ಮೀಟರಿನ ಡಿಶ್ ಕಟ್ಟಿದ ಅವರಿಗೆ ಹಗಲು ಕಾರುಗಳ ಸ್ಪಾರ್ಕ್ ಪ್ಲಗ್ಗಿನ ಗದ್ದಲ ಅಡ್ಡಬರುತ್ತಿತ್ತು. ಅವರು ವಾಹನಗಳು ಮಲಗುವ ರಾತ್ರಿ ಹೊತ್ತನ್ನು ಆರಿಸಿಕೊಂಡರು.

ಈಚಿನ ಎರಡು ಪ್ರಕರಣಗಳಲ್ಲೂ ಕಾಲವೇ ಸುಳಿವು ಕೊಟ್ಟಿತು. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕ 1998ರಿಂದ ದಾಖಲಿಸುತ್ತ ಬಂದಿದ್ದ ವಿಚಿತ್ರ ಮಿಡಿತಗಳು ಕೆಲಸದ ವೇಳೆಯಲ್ಲೇ, ಊಟದ ಹೊತ್ತಿನ ಆಸುಪಾಸಿನಲ್ಲೇ ಹೆಚ್ಚಾಗಿ ಬರುತ್ತಿದ್ದವು. ಆಕಾಶಕ್ಕೆ ಊಟದ ಬಿಡುವಿಲ್ಲ. ಓಡುತ್ತಿರುವ ಮೈಕ್ರೋವೇವ್ ಒಲೆಯ ಬಾಗಿಲನ್ನು ನಡುವೆಯೇ ತೆರೆದಾಗ ಅವು ಹೊರಬೀಳುತ್ತವೆ ಎಂದು 2015ರಲ್ಲಿ ತಿಳಿಯಿತು. ವೇಲ್ಸ್‌ನ ಅಬೆರ್‌ಹೋಸನ್ ಹಳ್ಳಿಯಲ್ಲಿ 18 ತಿಂಗಳು ದಿನಾ ಬೆಳಗ್ಗೆ 7ಕ್ಕೆ ಬ್ರಾಡ್‌ಬ್ಯಾಂಡ್ ಕುಸಿಯುತ್ತಿತ್ತು. ಕೇಬಲ್ ಬದಲಿಸಿದರೂ ಫಲವಾಗಲಿಲ್ಲ. ಎಂಜಿನಿಯರುಗಳು ಆ ಹೊತ್ತಿಗೇ ಸರಿಯಾಗಿ ಮೀಟರು ಹಿಡಿದು ಊರೊಳಗೆ ನಡೆದಾಗ, ಒಂದು ಮನೆಯಲ್ಲಿ ಆಗತಾನೇ ಹಚ್ಚಿದ್ದ ಹಳೆಯ ಟಿವಿ ಸಿಕ್ಕಿತು.

ಹಾಗಾದರೆ ನಮ್ಮ ಊರುಗಳ ಗದ್ದಲವನ್ನು ಹೀಗೆ ಓದಬಹುದು. ಸೂರ್ಯ ಹುಟ್ಟಿದಾಗ ಶುರುವಾಗಿ ಮುಳುಗಿದಾಗ ನಿಂತರೆ, ಯಾರದೋ ಮಾಳಿಗೆಯ ಸೋಲಾರ್ ಇನ್ವರ್ಟರನ್ನು ಶಂಕಿಸಿ. ಸಂಜೆ ಹತ್ತಿ ಬೆಳಗ್ಗೆ ಆರಿದರೆ ಬೀದಿದೀಪ. ಸೆಕೆಂಡಿಗೊಂದರಂತೆ ಟಿಕ್ ಟಿಕ್ ಎಂದರೆ, ಕೊಡಗು-ಮಲೆನಾಡಿನ ತೋಟಗಳಲ್ಲಿ ಆನೆ ತಡೆಯಲು ಹಾಕುವ ಸೋಲಾರ್ ಬೇಲಿ. ತಂತಿಗೆ ಬಳ್ಳಿಯೋ ಹುಲ್ಲೋ ತಗುಲಿ ಕಿಡಿ ಹಾರುತ್ತಿರುತ್ತದೆ. ಒಣ ಹವೆಯಲ್ಲಿ ಅಬ್ಬರಿಸಿ ಮಳೆ ಬಿದ್ದೊಡನೆ ಅಡಗುವ, 100 ಹರ್ಟ್ಸ್‌ನ ಒರಟು ಗರ್ರ್ ಸದ್ದು ಬಹುಮಟ್ಟಿಗೆ ವಿದ್ಯುತ್ ಕಂಬದ ಮೇಲಿನ ಸಡಿಲ ಜೋಡಣೆಯದು. ನೀರು ಆ ಸಣ್ಣ ಸಂದನ್ನು ತುಂಬಿ ಕಿಡಿಯನ್ನು ತಡೆಯುತ್ತದೆ.

ಇಡೀ ದಿನ ಒಂದೇ ಸಮನೆ ಇರುವ ಗದ್ದಲಕ್ಕೆ ವೇಳಾಪಟ್ಟಿ ಎಲ್ಲಿಯದು ಎಂದು ಕೇಳಬಹುದು. ಅಲ್ಲಿ ವೇಳೆಯನ್ನು ನಾವೇ ಸೃಷ್ಟಿಸಬೇಕು. ರಿಸೀವರನ್ನು ಬ್ಯಾಟರಿಯಲ್ಲಿ ಓಡಿಸಿ, ಮನೆಯ ಮೇನ್ ಸ್ವಿಚ್ ಇಳಿಸಿ. ಸದ್ದು ನಿಂತರೆ ಅಪರಾಧಿ ಮನೆಯೊಳಗೇ ಇದ್ದಾನೆ. ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋದರೆ ಕೋಣೆ, ಆಮೇಲೆ ಚಾರ್ಜರು ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ: ಮೇನ್ ಇಳಿಸಿದೊಡನೆ ಯುಪಿಎಸ್ ತಾನಾಗಿ ಎದ್ದು ತನ್ನದೇ ಗದ್ದಲ ಹೊರಡಿಸುತ್ತದೆ, ಅದನ್ನೂ ಆರಿಸಬೇಕು. ಕರೆಂಟು ಹೋಗುವ ಹೊತ್ತು ಇನ್ನೂ ಬೆಲೆಯುಳ್ಳದ್ದು. ಇಡೀ ಬೀದಿಯ ಕರೆಂಟು ಹೋದಾಗ ಸದ್ದು ಉಳಿಯಿತೇ ಅಡಗಿತೇ ಎಂಬ ಒಂದೇ ಸಾಲು ವಾರದ ಅಲೆದಾಟವನ್ನು ತಪ್ಪಿಸುತ್ತದೆ. ಇಷ್ಟಾದ ಮೇಲೆ ದಿಕ್ಕಿನ ಸರದಿ. ಆಗಲೂ 7 ಮೆಗಾಹರ್ಟ್ಸ್‌ನಲ್ಲಿ ಹುಡುಕಬೇಡಿ. ಕಿಡಿಯ ಗದ್ದಲ ಮೇಲಿನ ಆವರ್ತನಗಳಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ಆದ್ದರಿಂದ 144 ಮೆಗಾಹರ್ಟ್ಸ್‌ನಲ್ಲಿ ಎಎಂ ರಿಸೀವರಿಗೆ ಅದು ಕೇಳಿಸತೊಡಗಿದರೆ ನೀವು ಹತ್ತಿರ ಬಂದಿದ್ದೀರಿ ಎಂದರ್ಥ. ಕಂಬವನ್ನು ಗುದ್ದುವುದು, ಸ್ಟೇ ವೈರು ಅಲುಗಿಸುವುದು ಬೇಡವೇ ಬೇಡ, ಜೀವಕ್ಕೆ ಅಪಾಯ.

ಗದ್ದಲ ಅಳಿಸುವ ಸಾಫ್ಟ್‌ವೇರ್ ಇರುವಾಗ ಈ ಶ್ರಮವೇಕೆ ಎನ್ನುವವರಿದ್ದಾರೆ. ಅಂಥ ಜಾಹೀರಾತುಗಳನ್ನು ನಂಬಿ ಹಣ ಸುರಿಯಬಾರದು. ಸಾಫ್ಟ್‌ವೇರ್ ಕಿವಿಗೆ ಹಿತ ಕೊಡುತ್ತದೆ, ಟಿಕ್ ಟಿಕ್ ಮಿಡಿತಗಳನ್ನು ಕತ್ತರಿಸಿಯೂ ಹಾಕುತ್ತದೆ. ಆದರೆ ಅದೇ ಆವರ್ತನದ ಗದ್ದಲದಲ್ಲಿ ಪೂರ್ತಿ ಮುಳುಗಿದ ಮಾತನ್ನು ಮರಳಿ ತರಲಾರದು. ಪ್ರಮಾಣಪತ್ರ ಪಡೆದ ಅಡಾಪ್ಟರ್ ಗದ್ದಲ ಮಾಡೀತೇ ಎಂಬುದು ಇನ್ನೊಂದು ಆಕ್ಷೇಪ. ಮಾಡೀತು. 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಸಾಮಾನ್ಯವಾಗಿ ಅಳೆಯುವುದು ಪವರ್ ವೈರಿನ ಮೇಲೆ ಹರಿಯುವ ಗದ್ದಲವನ್ನು, ಅದೂ ಪ್ರಯೋಗಶಾಲೆಯ ಮೇಜಿನ ಮೇಲಿನ ಒಂದೇ ಹೊಸ ಉಪಕರಣದ್ದು. ನಮ್ಮ ಮನೆಗಳಲ್ಲಿ ಅಂಥವು ಹತ್ತಾರು, ಕೆಲವು ಹಳೆಯವು. ಶಾರ್ಟ್‌ವೇವ್ ಯಾರಿಗೆ ಬೇಕು ಎಂಬ ಪ್ರಶ್ನೆಗೆ 2004ರ ಡಿಸೆಂಬರ್ 26 ಉತ್ತರ ಕೊಟ್ಟಿದೆ. ಸುನಾಮಿ ಅಪ್ಪಳಿಸಿದಾಗ ಅಂಡಮಾನಿನಲ್ಲಿದ್ದ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ, ಬೇರೆ ಸಂಪರ್ಕ ಕಡಿದಿದ್ದ ದ್ವೀಪಗಳ ಸುದ್ದಿಯನ್ನು ರೇಡಿಯೋದಲ್ಲೇ ದಾಟಿಸಿತು. ಅಂಥ ಹೊತ್ತಿನಲ್ಲಿ ಈಚೆ ದಡದ ರಿಸೀವರಿಗೆ ಕ್ಷೀಣ ದನಿ ಕೇಳಿಸಲೇಬೇಕು.

ಆದ್ದರಿಂದ ನೋಟ್‌ಬುಕ್ಕನ್ನು ಇಂದು ರಾತ್ರಿಯೇ ತೆರೆಯಿರಿ. ತಾರೀಕು, ಹೊತ್ತು, ಆವರ್ತನ, ಎಸ್-ಮೀಟರಿನ ಅಂಕ, ಮಳೆ ಇತ್ತೇ, ಕರೆಂಟು ಇತ್ತೇ ಎಂದು ಎರಡು ವಾರ ಬರೆಯಿರಿ. ಪಕ್ಕದ ಮನೆಯವರ ಬಳಿಗೋ ವಿದ್ಯುತ್ ಕಚೇರಿಗೋ ಹೋಗುವಾಗ ಆ ಹಾಳೆಗಳು ಕೈಯಲ್ಲಿರಲಿ. ಪಕ್ಕದ ಮನೆಗಾದರೆ ಜೊತೆಗೆ ಅವರ ಅಡಾಪ್ಟರ್ ವೈರನ್ನು ಸುತ್ತಲು, ಗದ್ದಲ ತಡೆಯುವ ಒಂದು ಫೆರೈಟ್ ಉಂಗುರವನ್ನೂ ಒಯ್ಯಿರಿ.